ಪ್ಯಾಕೆಟ್ ಮೇಲೆ ‘ಟೆಸ್ಟೆಡ್’ ಅಂತಿದೆ, ಅಪ್ಪನ ಮುಖ ಯಾಕೆ ಊದಿಕೊಂಡಿತು?

ಪ್ರಶ್ನೆ: ನಮ್ಮ ತಂದೆಗೆ 63 ವರ್ಷ. ಹತ್ತು ಹನ್ನೆರಡು ವರ್ಷದಿಂದ ಒಂದೇ ಕಂಪನಿಯ ಕಪ್ಪು ಹೇರ್ ಡೈ ಹಚ್ಚಿಕೊಳ್ಳುತ್ತಿದ್ದಾರೆ. ಒಮ್ಮೆಯೂ ಏನೂ ಆಗಿರಲಿಲ್ಲ. ಕಳೆದ ತಿಂಗಳು ತಂಗಿಯ ಮದುವೆಗೆ ಎರಡು ದಿನ ಮುಂಚೆ ಹಚ್ಚಿಕೊಂಡರು. ಮಾರನೇ ದಿನ ತಲೆ ತುರಿಕೆ ಶುರುವಾಯಿತು. ಮದುವೆ ದಿನ ಬೆಳಿಗ್ಗೆ ಹಣೆ, ಕಿವಿ, ಕಣ್ಣಿನ ರೆಪ್ಪೆ ಎಲ್ಲ ಊದಿ ಕಣ್ಣೇ ಬಿಡಲಾಗಲಿಲ್ಲ. ಕೂಲಿಂಗ್ ಗ್ಲಾಸ್ ಹಾಕಿಕೊಂಡೇ ಧಾರೆ ಎರೆದುಕೊಟ್ಟರು. ಪ್ಯಾಕೆಟ್ ಮೇಲೆ ‘ಡರ್ಮಟಾಲಜಿಕಲಿ ಟೆಸ್ಟೆಡ್’ ಅಂತ ದೊಡ್ಡದಾಗಿ ಬರೆದಿದೆ. ಲ್ಯಾಬ್‌ನಲ್ಲಿ ನಿಜವಾಗಿ ಏನು ಪರೀಕ್ಷೆ ಮಾಡುತ್ತಾರೆ? ಈಗಲೂ ಮೊಲಗಳ ಮೇಲೇ ಮಾಡುತ್ತಾರಾ? ಕಂಪನಿ ಸುಳ್ಳು ಹೇಳಿದೆಯಾ? ಇನ್ನೊಂದು, ಮನೆಯಲ್ಲಿ ಇನ್ನೂ ಎರಡು ಪ್ಯಾಕೆಟ್ ಉಳಿದಿವೆ. ನನ್ನ ಗಂಡ ಬಳಸಬಹುದಾ?

ಉತ್ತರ: ಮೂರನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಕಂಪನಿ ಬಹುಶಃ ಸುಳ್ಳು ಹೇಳಿಲ್ಲ. ಟೆಸ್ಟ್ ಮಾಡಿಸಿರುತ್ತಾರೆ, ಪಾಸೂ ಆಗಿರುತ್ತದೆ. ಆದರೆ ಆ ಟೆಸ್ಟ್ ನೋಡಿದ್ದು ಒಂದನ್ನು, ನಿಮ್ಮ ತಂದೆಗೆ ಆಗಿದ್ದು ಇನ್ನೊಂದು. ರಾಸಾಯನಿಕಗಳನ್ನು ಪರೀಕ್ಷಿಸುವ ಲ್ಯಾಬ್‌ನಲ್ಲಿ ಇಪ್ಪತ್ತು ವರ್ಷ ಕಳೆದ ನನಗೆ ಈ ಪ್ರಶ್ನೆ ಮದುವೆ ಮನೆಗಳಲ್ಲೇ ಜಾಸ್ತಿ ಬರುತ್ತದೆ. ಡೈ ಹಚ್ಚುವುದೂ ಅದೇ ಸಮಯಕ್ಕೆ ಅಲ್ವಾ.

ಚರ್ಮಕ್ಕೆ ಆಗುವ ತೊಂದರೆಯಲ್ಲಿ ಎರಡು ಜಾತಿ. ಹಸಿಮೆಣಸಿನಕಾಯಿ ಹೆಚ್ಚಿದರೆ ಯಾರ ಕೈಯಾದರೂ ಉರಿಯುತ್ತದೆ. ಜಾಸ್ತಿ ಹೆಚ್ಚಿದರೆ ಜಾಸ್ತಿ ಉರಿ, ಕಡಿಮೆ ಹೆಚ್ಚಿದರೆ ಕಡಿಮೆ. ಸೋಪಿನ ಪುಡಿ, ಸುಣ್ಣ, ಆಸಿಡ್ ಎಲ್ಲವೂ ಹೀಗೇ ನೇರವಾಗಿ ಚರ್ಮವನ್ನು ಕೆಡಿಸುತ್ತವೆ. ಇದಕ್ಕೆ ನಾವು ಇರಿಟೇಶನ್ ಅನ್ನುತ್ತೇವೆ.

ಇನ್ನೊಂದು ಜಾತಿ ಮಲೆನಾಡಿನವರಿಗೆ ಚೆನ್ನಾಗಿ ಗೊತ್ತು. ಚೇರು ಮರದ ಸೊನೆ. ಒಂದೇ ಮನೆಯ ಇಬ್ಬರು ಸೌದೆಗೆ ಹೋಗಿ ಬಂದರೆ, ಒಬ್ಬರಿಗೆ ಮೈಯೆಲ್ಲ ಬೊಬ್ಬೆ ಎದ್ದು ಮುಖ ಊದಿಕೊಳ್ಳುತ್ತದೆ. ಇನ್ನೊಬ್ಬರು ಅದೇ ಮರವನ್ನು ಕಡಿದಿದ್ದರೂ ಆರಾಮಾಗಿರುತ್ತಾರೆ. ಸೊನೆ ಒಂದೇ, ದೇಹ ಬೇರೆ. ಇದು ಅಲರ್ಜಿ. ಇಲ್ಲಿ ಚರ್ಮವನ್ನು ಕೆಡಿಸುವುದು ಸೊನೆಗಿಂತ ಹೆಚ್ಚಾಗಿ ನಮ್ಮದೇ ರಕ್ಷಣಾ ವ್ಯವಸ್ಥೆ. ಅದು ಆ ಪದಾರ್ಥವನ್ನು ಶತ್ರು ಅಂತ ಒಮ್ಮೆ ಗುರುತಿಟ್ಟುಕೊಂಡರೆ ಮುಗಿಯಿತು, ಮುಂದಿನ ಸಲ ಚೂರು ತಾಗಿದರೂ ಮುಗಿಬೀಳುತ್ತದೆ.

ಕಪ್ಪು ಡೈಗಳಲ್ಲಿ ಮಾಮೂಲಾಗಿ ಇರುವ ರಾಸಾಯನಿಕದ ಹೆಸರು ಪ್ಯಾರಾ-ಫಿನೈಲೀನ್‌ಡಯಮೈನ್. ಲ್ಯಾಬ್ ಮಂದಿ ಚಿಕ್ಕದಾಗಿ ಪಿಪಿಡಿ ಅನ್ನುತ್ತಾರೆ. ಇದರ ವಿಚಿತ್ರ ಕೇಳಿ. ಯುರೋಪಿನ ಅಧಿಕೃತ ರಾಸಾಯನಿಕ ವರ್ಗೀಕರಣದಲ್ಲಿ ಪಿಪಿಡಿಗೆ ಹಲವು ಹಣೆಪಟ್ಟಿಗಳಿವೆ. ನುಂಗಿದರೆ ವಿಷ, ಕಣ್ಣಿಗೆ ಉರಿ ತರುತ್ತದೆ, ಚರ್ಮಕ್ಕೆ ಅಲರ್ಜಿ ತರುತ್ತದೆ. ಆದರೆ ‘ಚರ್ಮಕ್ಕೆ ಇರಿಟೇಶನ್ ತರುತ್ತದೆ’ ಅನ್ನುವ ಪಟ್ಟಿ ಇಲ್ಲ. ಅಂದರೆ ಬರೀ ಇರಿಟೇಶನ್ ಟೆಸ್ಟ್ ಮಾಡಿ ಕೈತೊಳೆದುಕೊಂಡರೆ ಪಿಪಿಡಿ ಒಳ್ಳೆಯ ಹುಡುಗನ ಹಾಗೆ ಪಾಸಾಗಿ ಹೊರಗೆ ಬರುತ್ತದೆ. ನಿಮ್ಮ ತಂದೆಯ ಕಣ್ಣಿನ ರೆಪ್ಪೆಯ ಕಥೆ ಇರುವುದು ಇಲ್ಲೇ.

ಈಗ ಮೊಲದ ವಿಷಯ. 1944ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ವಿಜ್ಞಾನಿ ಜಾನ್ ಡ್ರೇಜ್ ಮತ್ತು ಜೊತೆಗಾರರು ಒಂದು ವಿಧಾನ ಬರೆದಿಟ್ಟರು. ಬಿಳಿ ಮೊಲದ ಬೆನ್ನಿನ ಕೂದಲು ಬೋಳಿಸಿ, ರಾಸಾಯನಿಕ ಹಚ್ಚಿ, ಬಟ್ಟೆ ಸುತ್ತಿ, ಆಮೇಲೆ ಕಣ್ಣಲ್ಲಿ ನೋಡಿ ಅಂಕ ಕೊಡುವುದು. ಕೆಂಪಿಗೆ 0ಯಿಂದ 4, ಊತಕ್ಕೆ 0ಯಿಂದ 4. ಬೀಟ್‌ರೂಟಿನಷ್ಟು ಕೆಂಪಾದರೆ 4. ಕೂಡಿದರೆ ಒಟ್ಟು 8. ಇದನ್ನೇ ತಿದ್ದಿ ತೀಡಿ 1981ರಲ್ಲಿ ಓಇಸಿಡಿ, ಅಂದರೆ ಹಲವು ದೇಶಗಳು ಸೇರಿ ಕಟ್ಟಿಕೊಂಡ ಸಂಸ್ಥೆ, ತನ್ನ 404ನೇ ಮಾರ್ಗಸೂಚಿ ಮಾಡಿತು. ಅರ್ಧ ಗ್ರಾಂ ಅಥವಾ ಅರ್ಧ ಮಿಲಿ, ಸುಮಾರು 6 ಚದರ ಸೆಂಟಿಮೀಟರ್ ಜಾಗ, 4 ಗಂಟೆ. ಪಟ್ಟಿ ತೆಗೆದು 1, 24, 48, 72 ಗಂಟೆಗೆ ನೋಡುವುದು. ಬೇಕಾದರೆ 14 ದಿನದವರೆಗೆ ಕಾಯುವುದು.

ಈ ಟೆಸ್ಟನ್ನು ಸುಮ್ನೆ ಬೈಯುವವರು ಬಹಳ. ಅದು ಬಂದ ಕಾಲದಲ್ಲಿ ಬೇರೆ ದಾರಿಯೇ ಇರಲಿಲ್ಲ ಅನ್ನುವುದನ್ನೂ ಹೇಳಬೇಕು. ಆದರೆ ಕಣ್ಣಳತೆಯ ಟೆಸ್ಟ್ ಅಂದಮೇಲೆ ಗೊತ್ತಲ್ಲ. 1971ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಲ್ಯಾಬ್‌ಗಳಿಗೆ ಒಂದೇ ರಾಸಾಯನಿಕಗಳನ್ನು ಕೊಟ್ಟು ನೋಡಿದರು. ಫಲಿತಾಂಶ ಒಬ್ಬೊಬ್ಬರದು ಒಂದೊಂದು ಥರ ಬಂತು. ಇನ್ನು ಬಣ್ಣದ ವಿಷಯಕ್ಕೆ ಬಂದರೆ ಫಜೀತಿ ಇನ್ನೂ ಜಾಸ್ತಿ. ಕಡುಗೆಂಪು ಬಣ್ಣ ಹಚ್ಚಿದ ಬಿಳಿ ಮೊಲದ ಚರ್ಮದಲ್ಲಿ ಕೆಂಪು ಹುಡುಕಿ ಅಂದರೆ ಏನು ಹುಡುಕೋದು? ಕಪ್ಪು ಡೈ ಆದರೆ ಏನೂ ಕಾಣುವುದೇ ಇಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಳೆಯ ವರದಿಯೊಂದನ್ನು ಓದಿದ್ದೆ. ಅಂಕದ ಜಾಗದಲ್ಲಿ ಅಂಕವೇ ಇಲ್ಲ. ‘ಕಲೆ ಇರುವುದರಿಂದ ಕೆಂಪು ಗುರುತಿಸಲಾಗಲಿಲ್ಲ’ ಅಂತ ಮೂರೂ ದಿನ ಬರೆದಿದ್ದರು. ಊತವನ್ನು ಬೆರಳಲ್ಲಿ ಮುಟ್ಟಿ ನೋಡಿ ಅಷ್ಟಕ್ಕೆ ಅಂಕ ಕೊಟ್ಟಿದ್ದರು.

ಭಾರತದಲ್ಲಿ 2014ರ ಮೇ ತಿಂಗಳಿಂದ ಕಾಸ್ಮೆಟಿಕ್‌ಗಳಿಗಾಗಿ ಪ್ರಾಣಿಗಳ ಮೇಲೆ ಪರೀಕ್ಷೆ ಮಾಡುವಂತಿಲ್ಲ. ಅದೇ ವರ್ಷ ನವೆಂಬರ್‌ನಿಂದ, ಹಾಗೆ ಪರೀಕ್ಷಿಸಿದ ಕಾಸ್ಮೆಟಿಕ್‌ಗಳನ್ನು ಹೊರಗಿನಿಂದ ತರಿಸುವುದೂ ನಿಂತಿತು. ಯುರೋಪಿನಲ್ಲಿ 2013ರ ಮಾರ್ಚ್‌ನಲ್ಲಿ ಅಂಥವುಗಳ ಮಾರಾಟಕ್ಕೇ ಪೂರ್ತಿ ತಡೆ ಬಂತು. ಹೇರ್ ಡೈ ಕಾಸ್ಮೆಟಿಕ್‌ನಲ್ಲೇ ಬರುತ್ತದೆ. ಹಾಗಾಗಿ ನಿಮ್ಮ ತಂದೆಯ ಡೈಗೆ ಇಲ್ಲಿ ಈಗ ಮೊಲ ಇಲ್ಲ.

ಮೊಲದ ಜಾಗಕ್ಕೆ ಏನು ಬಂತು? ಡಬ್ಬಿಯಲ್ಲಿ ಬೆಳೆಸಿದ ಮನುಷ್ಯ ಚರ್ಮ. ಕೇಳೋಕೆ ಕಥೆ ಥರ ಇದೆ, ಆದರೆ ನಿಜ. ಆಪರೇಶನ್‌ನಲ್ಲಿ ತೆಗೆದ ಚರ್ಮದ ಜೀವಕೋಶಗಳನ್ನು ದಾನಿಗಳ ಒಪ್ಪಿಗೆ ಪಡೆದು ತೆಗೆದುಕೊಂಡು, ತೂತಿನ ತಳ ಇರುವ ಪುಟ್ಟ ಪ್ಲಾಸ್ಟಿಕ್ ಬಟ್ಟಲಲ್ಲಿ ಬೆಳೆಸುತ್ತಾರೆ. ಕೆಳಗಿನಿಂದ ಪೋಷಕ ದ್ರವ, ಮೇಲಿನಿಂದ ಗಾಳಿ. ಎರಡು ಮೂರು ವಾರದಲ್ಲಿ ಪದರದ ಮೇಲೆ ಪದರ ಬಂದು, ಮೇಲೆ ನಮ್ಮ ಚರ್ಮದ ಹಾಗೇ ಒಣ ಪದರ ಕೂರುತ್ತದೆ. ಎಪಿಡರ್ಮ್, ಎಪಿಸ್ಕಿನ್ ಅಂತ ಹೆಸರು. ಇದನ್ನು ಬಳಸುವ ವಿಧಾನವನ್ನು 2010ರಲ್ಲಿ ಓಇಸಿಡಿ 439ನೇ ಮಾರ್ಗಸೂಚಿ ಅಂತ ಒಪ್ಪಿಕೊಂಡಿತು.

ಈ ಚರ್ಮ ನಮ್ಮಲ್ಲಿಗೆ ಬರುವುದು ವಿಮಾನದಲ್ಲಿ, ತಣ್ಣನೆಯ ಪೆಟ್ಟಿಗೆಯಲ್ಲಿ, ಜೆಲ್ಲಿಯಂಥದ್ದರ ಮೇಲೆ ಕೂತು. ಆಯುಸ್ಸು ಕೆಲವೇ ದಿನ. ಒಮ್ಮೆ ಪೆಟ್ಟಿಗೆ ದಾರಿಯಲ್ಲಿ ಎಲ್ಲೋ ಎರಡು ದಿನ ಜಾಸ್ತಿ ಕೂತು, ಬಂದಾಗ ಐಸ್ ಪ್ಯಾಕ್ ಬೆಚ್ಚಗಾಗಿತ್ತು. ಚರ್ಮ ನೋಡೋಕೆ ಚೆನ್ನಾಗೇ ಇತ್ತು. ಆದರೂ ಇಪ್ಪತ್ನಾಲ್ಕನ್ನೂ ಕಸಕ್ಕೆ ಹಾಕಿದೆವು. ಹಣ ಕೊಟ್ಟವರ ಮುಖ ನೋಡುವ ಹಾಗಿರಲಿಲ್ಲ.

ಎಪಿಡರ್ಮ್‌ನಲ್ಲಿ ಕೆಲಸ ಹೀಗೆ ನಡೆಯುತ್ತದೆ. ಒಂದೊಂದು ಚರ್ಮದ ತುಂಡು 0.63 ಚದರ ಸೆಂಟಿಮೀಟರ್. ಶರ್ಟಿನ ಗುಂಡಿಗಿಂತ ಚಿಕ್ಕದು ಅಂದುಕೊಳ್ಳಿ. ಒಂದು ಪದಾರ್ಥಕ್ಕೆ ಮೂರು ತುಂಡು. ಏನೂ ಮಾಡದ ಹೋಲಿಕೆಗೆ, ಬರೀ ಸಲೈನ್ ಹಾಕಿದ ಮೂರು. ಕೆಡಲೇಬೇಕಾದ ಹೋಲಿಕೆಗೆ, ಶೇಕಡ 5 ಎಸ್‌ಡಿಎಸ್ ಹಾಕಿದ ಮೂರು. ಎಸ್‌ಡಿಎಸ್ ಅಂದರೆ ಶಾಂಪೂ, ಟೂತ್‌ಪೇಸ್ಟ್‌ಗಳಲ್ಲಿ ನೊರೆ ಬರಿಸುವ ಪದಾರ್ಥವೇ. ಅದು ಕೆಡಿಸದಿದ್ದರೆ ಇಡೀ ದಿನದ ಪ್ರಯೋಗ ರದ್ದು. ಪುಡಿಯಾದರೆ 25 ಮಿಲಿಗ್ರಾಂ ಹಾಕಿ ತೇವ ಮಾಡಬೇಕು, ದ್ರವವಾದರೆ 30 ಮೈಕ್ರೋಲೀಟರ್, ಅಂದರೆ ಒಂದು ಸಣ್ಣ ಹನಿ. 60 ನಿಮಿಷ. ಆಮೇಲೆ ತೊಳೆಯುವುದು. ಇದು ಹೊಸಬರು ಸೋಲುವ ಜಾಗ. ಸಲೈನ್ ಬಾಟಲಿಯಿಂದ ಹದಿನೈದು ಸಲ ಚಿಮ್ಮಿಸಿ ತೊಳೆಯಬೇಕು. ಜೋರಾದರೆ ಚರ್ಮವೇ ಕಿತ್ತು ಬರುತ್ತದೆ, ಮೆತ್ತಗಾದರೆ ಪದಾರ್ಥ ಉಳಿದುಬಿಡುತ್ತದೆ. ತೊಳೆದ ಮೇಲೆ ಹೊಸ ದ್ರವದಲ್ಲಿ 42 ಗಂಟೆ ಸುಮ್ಮನೆ ಬಿಡುವುದು. ಏಟು ತಿಂದ ಚರ್ಮ ಸಾಯುತ್ತದಾ, ಚೇತರಿಸಿಕೊಳ್ಳುತ್ತದಾ ನೋಡೋಕೆ.

ಸತ್ತಿದೆಯೋ ಬದುಕಿದೆಯೋ ಹೇಗೆ ಗೊತ್ತಾಗಬೇಕು? ಅದಕ್ಕೆ ಎಂಟಿಟಿ ಅನ್ನುವ ಹಳದಿ ಪದಾರ್ಥ. ಬದುಕಿರುವ ಜೀವಕೋಶ ಅದನ್ನು ನೇರಳೆ ಹರಳಾಗಿ ಮಾಡುತ್ತದೆ. ಸತ್ತದ್ದು ಮಾಡುವುದಿಲ್ಲ. 3 ಗಂಟೆ ಬಿಟ್ಟು, ಆ ನೇರಳೆಯನ್ನು ಆಲ್ಕೋಹಾಲಿನಲ್ಲಿ ಕರಗಿಸಿ, ಯಂತ್ರದಲ್ಲಿ 570 ನ್ಯಾನೋಮೀಟರ್ ಬೆಳಕು ಹಾಯಿಸಿ ಎಷ್ಟು ಕಡು ಅಂತ ಅಳೆಯುವುದು. ಸಲೈನ್ ಹಾಕಿದ ಚರ್ಮದ ನೇರಳೆ 100 ಅಂದುಕೊಂಡರೆ, ನಮ್ಮ ಪದಾರ್ಥ ಹಾಕಿದ್ದು 50 ಅಥವಾ ಅದಕ್ಕಿಂತ ಕೆಳಗೆ ಬಂದರೆ ಇರಿಟೆಂಟ್. ಮೇಲಿದ್ದರೆ ಪಾಸ್.

ಇಲ್ಲೇ ನೋಡಿ ಡೈಗಳು ನಮ್ಮನ್ನು ಆಟ ಆಡಿಸುವುದು. ಇಡೀ ಟೆಸ್ಟ್ ನಿಂತಿರುವುದು ಬಣ್ಣದ ಮೇಲೆ. ಪರೀಕ್ಷೆಗೆ ಬಂದಿರುವುದೂ ಬಣ್ಣ.

ಒಂದು ಸಲ ಬಟ್ಟೆಗೆ ಹಾಕುವ ನೀಲಿ ಬಣ್ಣದ ಪುಡಿಯೊಂದು ಬಂದಿತ್ತು. ಹೊಸದಾಗಿ ಸೇರಿದ ಹುಡುಗಿ ಬಹಳ ಶ್ರದ್ಧೆಯಿಂದ ಮಾಡಿದಳು. ಮೂರನೇ ದಿನ ಸಂಜೆ ಓಡಿ ಬಂದು, ‘ಸರ್, ಜೀವಂತಿಕೆ ಶೇಕಡ 140 ಬಂದಿದೆ’ ಅಂದಳು. ಏನೂ ಹಾಕದ ಚರ್ಮಕ್ಕಿಂತ ಬಣ್ಣ ಹಾಕಿದ ಚರ್ಮವೇ ಗಟ್ಟಿಮುಟ್ಟಾಗಿದೆ ಅಂತ ಅರ್ಥ. ಹೋಗಿ ನೋಡಿದೆ. ಹದಿನೈದು ಸಲವಲ್ಲ, ಐವತ್ತು ಸಲ ತೊಳೆದರೂ ಹೋಗದ ನೀಲಿ ಚರ್ಮದೊಳಗೆ ಇಳಿದು ಕೂತಿತ್ತು. ಆಲ್ಕೋಹಾಲು ಹಾಕಿದಾಗ ಹರಳಿನ ನೇರಳೆ ಜೊತೆ ಆ ನೀಲಿಯೂ ಕರಗಿ ಬಂದಿದೆ. ಯಂತ್ರಕ್ಕೆ ಎರಡೂ ಒಂದೇ. ‘ಎಂಟಿಟಿ ಹಾಕದೆ ಇನ್ನೊಂದು ಸಲ ಮಾಡಿ ನೋಡಮ್ಮ’ ಅಂದೆ. ಎಂಟಿಟಿ ಇಲ್ಲದೆಯೂ ಯಂತ್ರ 100ರ ಹತ್ತಿರ ತೋರಿಸಿತು. ಕೊನೆಗೆ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಹರಳಿನ ನೇರಳೆಯನ್ನೂ ಬಣ್ಣದ ನೀಲಿಯನ್ನೂ ಬೇರೆ ಬೇರೆ ಮಾಡಿ ಅಳೆದೆವು. ಚರ್ಮ ಮುಕ್ಕಾಲು ಸತ್ತಿತ್ತು.

ಇಂಥ ಮೋಸ ಹಿಡಿಯುವ ಕ್ರಮ ಮಾರ್ಗಸೂಚಿಯಲ್ಲೇ ಇದೆ. ಬಣ್ಣದ ಪದಾರ್ಥವಾದರೆ ಎಂಟಿಟಿ ಇಲ್ಲದೆ ಒಂದು ಹೋಲಿಕೆ ಮಾಡಿ, ಬಂದಷ್ಟನ್ನು ಕಳೆಯಬೇಕು. ಆ ಕಳೆಯುವ ಪಾಲೇ 50 ದಾಟಿದರೆ ಲೆಕ್ಕವನ್ನೇ ನಂಬಬಾರದು, ಎಚ್‌ಪಿಎಲ್‌ಸಿಗೆ ಹೋಗಬೇಕು. ಇನ್ನೂ ಕಳ್ಳ ಜಾತಿ ಒಂದಿದೆ. ಕೆಲವು ರಾಸಾಯನಿಕಗಳು ಚರ್ಮದ ಸಹಾಯವೇ ಇಲ್ಲದೆ ಎಂಟಿಟಿಯನ್ನು ತಾವೇ ನೇರಳೆ ಮಾಡಿಬಿಡುತ್ತವೆ. ಅವನ್ನು ಹಿಡಿಯೋಕೆ, ಮೊದಲೇ ಫ್ರೀಜ್ ಮಾಡಿ ಸಾಯಿಸಿದ ಚರ್ಮದ ಮೇಲೂ ಹಾಕಿ ನೋಡುತ್ತೇವೆ. ಹೆಣ ನೇರಳೆ ಬಂತು ಅಂದರೆ ಕಳ್ಳ ಸಿಕ್ಕಿದ. ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಒಂದು ಬಣ್ಣ ‘ಟೆಸ್ಟೆಡ್’ ಅನ್ನಿಸಿಕೊಳ್ಳುವುದು ಬಿಳಿ ಕ್ರೀಮ್ ಟೆಸ್ಟ್ ಆದಷ್ಟು ಸಲೀಸಲ್ಲ. ವರದಿ ಕೈಗೆ ಬಂದರೆ ನಾನು ಮೊದಲು ನೋಡುವುದು ಫಲಿತಾಂಶವನ್ನಲ್ಲ, ಈ ಹೋಲಿಕೆಗಳನ್ನು ಮಾಡಿದ್ದಾರಾ ಅನ್ನುವುದನ್ನು.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಈ ಡಬ್ಬಿಯ ಚರ್ಮಕ್ಕೆ ಒಂದು ದೊಡ್ಡ ಕೊರತೆ ಇದೆ. ಅದರಲ್ಲಿ ರಕ್ತ ಇಲ್ಲ, ರಕ್ಷಣಾ ಜೀವಕೋಶಗಳು ಸೇರುವ ಲಿಂಫ್ ಗ್ರಂಥಿ ಇಲ್ಲ, ನೆನಪಿಟ್ಟುಕೊಳ್ಳುವ ಜೀವಕೋಶಗಳಿಲ್ಲ. ಹನ್ನೆರಡು ವರ್ಷ ಡೈ ಹಚ್ಚಿಕೊಂಡ ಇತಿಹಾಸವೂ ಇಲ್ಲ. ಪಾಪ, ಅದು ಹುಟ್ಟಿಯೇ ಮೂರು ವಾರ.

ಅಲರ್ಜಿ ತರುವ ಶಕ್ತಿಯನ್ನು ನೋಡೋಕೆ ಬೇರೆಯೇ ಟೆಸ್ಟ್‌ಗಳಿವೆ. ಮೊದಲು ಗಿನಿಪಿಗ್ ಮೇಲೆ ಮಾಡುತ್ತಿದ್ದರು. ಆಮೇಲೆ ಇಲಿಮರಿ ಗಾತ್ರದ ಮೌಸ್ ಬಂತು. ಅದರ ಕಿವಿಗೆ ಮೂರು ದಿನ ಹಚ್ಚಿ, ಆರನೇ ದಿನ ಕಿವಿಯ ಹತ್ತಿರದ ಲಿಂಫ್ ಗ್ರಂಥಿಯಲ್ಲಿ ಜೀವಕೋಶಗಳು ಮೂರು ಪಟ್ಟು ಹೆಚ್ಚಾದವಾ ಅಂತ ನೋಡುವುದು. ಈ ಟೆಸ್ಟ್‌ನಲ್ಲಿ ಪಿಪಿಡಿ ಶೇಕಡ 1ಕ್ಕಿಂತ ಕಡಿಮೆ ಪ್ರಮಾಣದಲ್ಲೇ ಗ್ರಂಥಿಯನ್ನು ಕೆರಳಿಸಿತು. ಬಹಳ ಬಲವಾದ ಅಲರ್ಜಿಕಾರಕ ಅಂತ ಅದಕ್ಕೆ ಹೆಸರು ಬಂದಿದ್ದು ಹಾಗೆ. ಈಗ ಪ್ರಾಣಿ ಇಲ್ಲದ ಮೂರು ಟೆಸ್ಟ್‌ಗಳನ್ನು ಜೋಡಿಸಿ ನೋಡುತ್ತಾರೆ. ಒಂದರಲ್ಲಿ ರಾಸಾಯನಿಕವನ್ನು ಪ್ರೋಟೀನಿನ ಸಣ್ಣ ತುಣುಕುಗಳ ಜೊತೆ 24 ಗಂಟೆ ಇಟ್ಟು, ಎಷ್ಟು ತುಣುಕಿಗೆ ಅಂಟಿಕೊಂಡಿತು ಅಂತ ಅಳೆಯುತ್ತಾರೆ. ಇನ್ನೊಂದರಲ್ಲಿ ಚರ್ಮದ ಜೀವಕೋಶ ಅಪಾಯದ ಗಂಟೆ ಬಾರಿಸುತ್ತದಾ ಅಂತ. ಮೂರನೆಯದರಲ್ಲಿ ರಕ್ಷಣಾ ಜೀವಕೋಶ ಎಚ್ಚರಗೊಳ್ಳುತ್ತದಾ ಅಂತ. ಈ ಮೂರರಲ್ಲಿ ಎರಡು ಏನು ಹೇಳುತ್ತವೋ ಅದೇ ತೀರ್ಪು ಅನ್ನುವ ಪಂಚಾಯ್ತಿ ಕ್ರಮವನ್ನು ಓಇಸಿಡಿ 2021ರಲ್ಲಿ ಒಪ್ಪಿತು.

ಹಾಗಾದರೆ ಇಷ್ಟು ಗೊತ್ತಿದ್ದೂ ಪಿಪಿಡಿಯನ್ನು ಯಾಕೆ ಮಾರೋಕೆ ಬಿಡುತ್ತಾರೆ ಅಂತ ಕೇಳುತ್ತೀರಿ. ಕಾರಣ ಕೂದಲಿನೊಳಗೇ ಇದೆ. ಶುದ್ಧ ಪಿಪಿಡಿಗೆ ಹೇಳಿಕೊಳ್ಳುವಂಥ ಬಣ್ಣ ಇಲ್ಲ. ಕಣವೂ ಪುಟ್ಟದು, ಸಲೀಸಾಗಿ ಕೂದಲಿನೊಳಗೆ ನುಗ್ಗುತ್ತದೆ. ಜೊತೆಗಿರುವ ಹೈಡ್ರೋಜನ್ ಪೆರಾಕ್ಸೈಡ್ ಅದನ್ನು ಒಂದು ಚುರುಕಿನ ರೂಪಕ್ಕೆ ತರುತ್ತದೆ. ಆ ರೂಪ ಒಳಗಿರುವ ಇತರ ಕಣಗಳನ್ನು ಹಿಡಿದುಕೊಂಡು ದೊಡ್ಡ ಕಪ್ಪು ಕಣವಾಗುತ್ತದೆ. ದೊಡ್ಡದಾದ ಮೇಲೆ ಹೊರಗೆ ಬರೋಕೆ ಆಗುವುದಿಲ್ಲ. ಅದಕ್ಕೇ ಎಷ್ಟು ತಲೆ ತೊಳೆದರೂ ಬಣ್ಣ ನಿಲ್ಲುವುದು. ಸಿಕ್ಕಿದ್ದನ್ನು ಹಿಡಿದುಕೊಳ್ಳುವ ಅದೇ ಚುರುಕು ನೆತ್ತಿಯ ಚರ್ಮದಲ್ಲಿ ನಮ್ಮ ಪ್ರೋಟೀನನ್ನೂ ಹಿಡಿದುಕೊಳ್ಳುತ್ತದೆ. ಬಣ್ಣ ಗಟ್ಟಿ ನಿಲ್ಲಿಸುವ ಗುಣವೂ ಅಲರ್ಜಿ ತರುವ ಗುಣವೂ ಒಂದೇ ಬೇರಿನಿಂದ ಬಂದವು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಕಿತ್ತುಹಾಕೋಕೆ ನೂರು ವರ್ಷದಿಂದ ಒದ್ದಾಡುತ್ತಿದ್ದಾರೆ. ಸ್ವಲ್ಪ ಸೌಮ್ಯವಾದ ತಮ್ಮಂದಿರು ಬಂದಿದ್ದಾರೆ, ಪೂರ್ತಿ ಸಾಧುವಾದವನು ಬಂದಿಲ್ಲ. ಹಾಗಾಗಿ ಸರಕಾರಗಳು ನಿಷೇಧದ ಬದಲು ಮಿತಿ ಮತ್ತು ಎಚ್ಚರಿಕೆಯ ದಾರಿ ಹಿಡಿದವು. ಯುರೋಪಿನಲ್ಲಿ ತಲೆಗೆ ಹಚ್ಚುವ ಹೊತ್ತಿಗೆ ಪಿಪಿಡಿ ಶೇಕಡ 2 ಮೀರಬಾರದು.

ಎಚ್ಚರಿಕೆಯ ಮಾತು ಬಂತಲ್ಲ, ನಿಮ್ಮ ಕೈಯಲ್ಲಿರುವ ಪ್ಯಾಕೆಟ್ ತಿರುಗಿಸಿ. ಇರುವೆ ಸಾಲಿನಂಥ ಅಕ್ಷರದಲ್ಲಿ ಹೀಗೊಂದು ಮಾತಿರುತ್ತದೆ. ಇದರಲ್ಲಿರುವ ಪದಾರ್ಥಗಳು ಕೆಲವರ ಚರ್ಮಕ್ಕೆ ಉರಿ ತರಬಹುದು, ಮೊದಲು ಪರೀಕ್ಷೆ ಮಾಡಿಕೊಳ್ಳಿ, ಹುಬ್ಬಿಗೆ ಅಥವಾ ರೆಪ್ಪೆಗೂದಲಿಗೆ ಹಚ್ಚಬೇಡಿ, ಕುರುಡಾಗಬಹುದು. ಇದನ್ನು ಇಂಗ್ಲಿಷಿನ ಜೊತೆ ಸ್ಥಳೀಯ ಭಾಷೆಯಲ್ಲೂ ಹಾಕಬೇಕು ಅಂತ ನಮ್ಮ ಹಳೆಯ 1945ರ ನಿಯಮಗಳಲ್ಲೇ ಸೇರಿಸಿದ್ದರು. ಆದರೆ ಆ ಸಾಲು ಹುಟ್ಟಿದ್ದು ಇಲ್ಲಲ್ಲ. 1933ರ ಸುಮಾರಿಗೆ ಅಮೆರಿಕದಲ್ಲಿ ಲ್ಯಾಶ್ ಲ್ಯೂರ್ ಅನ್ನುವ ರೆಪ್ಪೆಗೂದಲ ಬಣ್ಣ ಬಂದಿತ್ತು. ಅದರಲ್ಲಿ ಇದ್ದದ್ದು ಇದೇ ಪಿಪಿಡಿ ಜಾತಿ. ಬ್ಯೂಟಿ ಪಾರ್ಲರ್‌ನಲ್ಲಿ ಹಾಕಿಸಿಕೊಂಡ ಹೆಂಗಸರಲ್ಲಿ ಕೆಲವರು ಕಣ್ಣು ಕಳೆದುಕೊಂಡರು, ಸೋಂಕಾಗಿ ಸಾವೂ ಆಯಿತು. ಆಗ ಅದನ್ನು ಅಂಗಡಿಯಿಂದ ತೆಗೆಸೋಕೆ ಅಲ್ಲಿನ ಸರಕಾರಕ್ಕೆ ಕಾನೂನೇ ಇರಲಿಲ್ಲ. ಕಣ್ಣು ಹೋದ ಹೆಣ್ಣುಮಗಳ ಹಿಂದಿನ, ಆಮೇಲಿನ ಫೋಟೋಗಳನ್ನು ಅಧಿಕಾರಿಗಳು ಪ್ರದರ್ಶನಕ್ಕಿಟ್ಟು ಊರೂರಿಗೆ ತೋರಿಸಿದರು. 1938ರಲ್ಲಿ ಹೊಸ ಕಾನೂನು ಬಂತು. ಅದರಲ್ಲೂ ತಲೆಗೂದಲ ಡೈಗೆ ವಿನಾಯಿತಿ ಕೊಟ್ಟು, ಬದಲಿಗೆ ಈ ಎಚ್ಚರಿಕೆಯ ಸಾಲು ಹಾಕಿಸಿದರು. ಹೆಚ್ಚುಕಡಿಮೆ ಅದೇ ಸಾಲು ಇವತ್ತು ನಿಮ್ಮ ಮನೆಯ ಬಚ್ಚಲಿನ ಗೂಡಿನಲ್ಲಿ ಕೂತಿದೆ.

ಈಗ ‘ಡರ್ಮಟಾಲಜಿಕಲಿ ಟೆಸ್ಟೆಡ್’. ಈ ಮಾತಿನ ಹಿಂದೆ ಸಾಮಾನ್ಯವಾಗಿ ಇರುವುದು ಮನುಷ್ಯರ ಬೆನ್ನಿನ ಮೇಲೆ ಮಾಡುವ ಪ್ಯಾಚ್ ಟೆಸ್ಟ್. ನಮ್ಮಲ್ಲಿ ಐಎಸ್ 4011 ಅನ್ನುವ ಮಾನಕದ ಪ್ರಕಾರ 24 ಮಂದಿ ಆರೋಗ್ಯವಂತ ಸ್ವಯಂಸೇವಕರ ಮೇಲೆ ಮಾಡುತ್ತಾರೆ. ಬೆನ್ನಿಗೆ ಪಟ್ಟಿ ಅಂಟಿಸಿ, ಒಂದು ದಿನ ಬಿಟ್ಟು ತೆಗೆದು, ಹಳೆಯ ಡ್ರೇಜ್ ಅಂಕದ ಪಟ್ಟಿಯಲ್ಲೇ ನೋಡುತ್ತಾರೆ. ಮೊಲ ಹೋಯಿತು, ಅಂಕ ಉಳಿಯಿತು. ಒಳ್ಳೆಯ ಟೆಸ್ಟೇ. ಮೈಮೇಲೆ ಹಾಕಿದ ಕೂಡಲೇ ಎಲ್ಲರಿಗೂ ಉರಿಸುವ ಸರಕನ್ನು ಇದು ಹಿಡಿಯುತ್ತದೆ.

ಆದರೆ ಲೆಕ್ಕ ಹಾಕಿ ನೋಡಿ. ಸುಮ್ನೆ ಮಾತಿಗೆ, ನೂರು ಜನರಲ್ಲಿ ಒಬ್ಬರಿಗೆ ಒಂದು ಡೈ ಆಗಿಬರುವುದಿಲ್ಲ ಅಂತಿಟ್ಟುಕೊಳ್ಳಿ. ಕಣ್ಣುಮುಚ್ಚಿ 24 ಮಂದಿಯನ್ನು ಆರಿಸಿದರೆ, ಅವರಲ್ಲಿ ಅಂಥವರು ಒಬ್ಬರೂ ಇಲ್ಲದೇ ಹೋಗುವ ಸಾಧ್ಯತೆ ಶೇಕಡ 78ಕ್ಕಿಂತ ಜಾಸ್ತಿ. ಮೇಲಾಗಿ ಕಣ್ಣುಮುಚ್ಚಿ ಆರಿಸುವುದೂ ಇಲ್ಲ. ಮೊದಲೇ ಅಲರ್ಜಿ ಇದೆ ಅಂದವರನ್ನು ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ, ಕಳಿಸಲೂಬೇಕು. ಹಾಗಾಗಿ ಲಕ್ಷ ಜನ ಬಳಸುವ ಸರಕಿನಲ್ಲಿ ಸಾವಿರ ಜನಕ್ಕೆ ಮುಖ ಊದಿದರೂ ಆ 24ರ ಟೆಸ್ಟ್ ಪಾಸೇ. ಇದು ಮೋಸ ಅಂತ ನಾನು ಹೇಳಲ್ಲ. ಆ ಎರಡು ಪದವನ್ನು ಪ್ಯಾಕೆಟ್ಟಿನ ಮುಂದೆ ದೊಡ್ಡದಾಗಿ ಹಾಕಿ, ಎಚ್ಚರಿಕೆಯನ್ನು ಹಿಂದೆ ಇರುವೆ ಸಾಲು ಮಾಡುತ್ತಾರಲ್ಲ, ಅದು ಮಾತ್ರ ನನಗೆ ಸರಿಬರುವುದಿಲ್ಲ.

ಹನ್ನೆರಡು ವರ್ಷ ಆಗದ್ದು ಈಗ ಯಾಕಾಯಿತು ಅನ್ನುವುದು ನಿಮ್ಮ ಪ್ರಶ್ನೆಯ ಒಳಗೇ ಇದೆ. ಅಲರ್ಜಿಗೆ ಎರಡು ಹಂತ. ಮೊದಲ ಹಂತದಲ್ಲಿ ಚರ್ಮದ ಕಾವಲು ಜೀವಕೋಶಗಳು ಆ ಪದಾರ್ಥವನ್ನು ಹೊತ್ತುಕೊಂಡು ಹತ್ತಿರದ ಲಿಂಫ್ ಗ್ರಂಥಿಗೆ ಹೋಗಿ ತೋರಿಸುತ್ತವೆ. ಅಲ್ಲಿ ಅದನ್ನು ಗುರುತಿಸುವ ಸೈನ್ಯ ತಯಾರಾಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಇದು ಮೊದಲ ಸಲವೇ ಆಗಬಹುದು, ನೂರನೇ ಸಲಕ್ಕೂ ಆಗಬಹುದು, ಜೀವಮಾನದಲ್ಲಿ ಆಗದೆಯೂ ಇರಬಹುದು. ಆದಮೇಲೆ ಹಚ್ಚಿದಾಗ ಮಾತ್ರ ಎರಡನೇ ಹಂತ. ಆ ಸೈನ್ಯ ನೆತ್ತಿಗೆ ಬಂದು ಸೇರೋಕೆ ಒಂದರಿಂದ ಮೂರು ದಿನ ಬೇಕು. ಅದಕ್ಕೇ ಹಚ್ಚಿದ ದಿನ ಆರಾಮಾಗಿದ್ದವರಿಗೆ ಮದುವೆ ದಿನ ಕಣ್ಣು ಮುಚ್ಚಿತು. ನೆತ್ತಿಗೆ ಹಚ್ಚಿದ್ದಕ್ಕೆ ರೆಪ್ಪೆ ಯಾಕೆ ಅಂದರೆ, ರೆಪ್ಪೆಯ ಚರ್ಮ ಬಹಳ ತೆಳು, ನೀರು ಅಲ್ಲೇ ಬೇಗ ತುಂಬಿಕೊಳ್ಳುತ್ತದೆ. ನೆತ್ತಿಯ ಚರ್ಮ ದಪ್ಪ, ಅದು ತಡೆದುಕೊಳ್ಳುತ್ತದೆ.

ಮುಂದೆ ಏನು ಮಾಡಬೇಕು? ನಿಮ್ಮ ತಂದೆಯವರು ಈ ಡೈಯನ್ನು ಇನ್ನು ಮುಟ್ಟಬಾರದು. ‘ಸ್ವಲ್ಪ ಹಚ್ಚಿ ನೋಡೋಣ’ ಅನ್ನುವುದೂ ಬೇಡ. ಮುಂದಿನ ಸಲ ಇದಕ್ಕಿಂತ ಜೋರಾಗಿ ಬರಬಹುದು. ಉಸಿರು ಕಟ್ಟಿದಂತಾದರೆ, ನಾಲಿಗೆ ಊದಿದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಊತ ಪೂರ್ತಿ ಇಳಿದ ಮೇಲೆ ಚರ್ಮದ ಡಾಕ್ಟರ ಹತ್ತಿರ ಅಲರ್ಜಿ ಪ್ಯಾಚ್ ಟೆಸ್ಟ್ ಮಾಡಿಸಿ. ವ್ಯಾಸಲೀನ್‌ನಂಥದ್ದರಲ್ಲಿ ಶೇಕಡ 1 ಪಿಪಿಡಿ ಬೆರೆಸಿ ಬೆನ್ನಿಗೆ ಅಂಟಿಸಿ, 48 ಗಂಟೆಗೆ ತೆಗೆದು, ಮತ್ತೆ ಒಂದೆರಡು ದಿನ ಬಿಟ್ಟು ನೋಡುತ್ತಾರೆ. ಹೋಗುವಾಗ ಪ್ಯಾಕೆಟ್ಟನ್ನು ತಪ್ಪದೆ ತೆಗೆದುಕೊಂಡು ಹೋಗಿ. ಪಿಪಿಡಿ ಅಲರ್ಜಿ ಇದ್ದವರಿಗೆ ಅದರ ನೆಂಟರೂ ಆಗಿಬರದೇ ಇರಬಹುದು. ಮರಗಟ್ಟಿಸುವ ಬೆಂಜೊಕೇನ್ ಮುಲಾಮು, ಬಟ್ಟೆಯ ಕೆಲವು ಬಣ್ಣಗಳು, ಟೊಲುಯಿನ್-ಡಯಮೈನ್ ಇರುವ ಡೈಗಳು ಅಂಥವು. ಇದನ್ನೂ ಡಾಕ್ಟರಲ್ಲಿ ಕೇಳಿ.

‘ಅಮೋನಿಯಾ ಫ್ರೀ’ ಅನ್ನುವ ಡೈ ಕೊಂಡರೆ ಆಯಿತಲ್ವಾ ಅಂತ ಅಂಗಡಿಯವರು ಹೇಳುತ್ತಾರೆ. ಅಮೋನಿಯಾಕ್ಕೂ ಪಿಪಿಡಿಗೂ ಸಂಬಂಧ ಇಲ್ಲ. ವಾಸನೆ ಹೋಯಿತೇ ವಿನಾ ಅಲರ್ಜಿಕಾರಕ ಅಲ್ಲೇ ಇರಬಹುದು. ‘ಕಪ್ಪು ಮೆಹೆಂದಿ’ ಅಂತೂ ಇನ್ನೂ ಮೋಸ. ನಮ್ಮ ಮನೆಗಳಲ್ಲಿ ಅರೆಯುತ್ತಿದ್ದ ಮದರಂಗಿ ಸೊಪ್ಪು ಕೊಡುವುದು ಕೆಂಪು, ಕೇಸರಿ ಬಣ್ಣ. ಒಂದು ಗಂಟೆಯಲ್ಲಿ ಕಪ್ಪು ಬಂತು ಅಂದರೆ ಅದರೊಳಗೆ ಪಿಪಿಡಿ ಇದೆ ಅಂತಲೇ ಅನುಮಾನ ಪಡಿ. ಬರೀ ಮದರಂಗಿ, ಅದರ ಮೇಲೆ ನೀಲಿ ಗಿಡದ ಪುಡಿ, ಎರಡೂ ಬೇರೇನೂ ಬೆರೆಸದೆ ಸಿಕ್ಕಿದರೆ ಕಂದುಗಪ್ಪು ಬರುತ್ತದೆ. ಅರ್ಧ ದಿನದ ಕೆಲಸ, ತಲೆಗೆ ಪೇಪರ್ ಸುತ್ತಿಕೊಂಡು ಕೂರಬೇಕು. ಅದನ್ನೂ ಡಾಕ್ಟರ ಒಪ್ಪಿಗೆ ಸಿಕ್ಕಮೇಲೆ, ಮೊದಲು ಕೈಗೆ ಹಚ್ಚಿ ನೋಡಿಯೇ ಮಾಡಿ.

ಕೊನೆಗೆ ಆ ಎರಡು ಪ್ಯಾಕೆಟ್. ನಿಮ್ಮ ಯಜಮಾನರಿಗೆ ಇದುವರೆಗೆ ಡೈಯಿಂದ, ಕೈಗೆ ಹಾಕಿಸಿದ ಕಪ್ಪು ಮೆಹೆಂದಿಯಿಂದ ಏನೂ ಆಗಿಲ್ಲದಿದ್ದರೆ ಬಳಸಬಹುದು. ಅವರ ಚರ್ಮ ಬೇರೆ, ಅದರ ನೆನಪು ಬೇರೆ. ಆದರೆ ಪ್ಯಾಕೆಟ್ಟಿನ ಹಿಂದಿನ ಪರೀಕ್ಷೆ ಮಾಡಲೇಬೇಕು. ಕಿವಿಯ ಹಿಂದೆ ಅಥವಾ ಮುಂಗೈ ಒಳಭಾಗದಲ್ಲಿ ಸೋಪು ಹಾಕಿ ತೊಳೆದು, ಹಚ್ಚುವ ಹಾಗೇ ಕಲಸಿದ ಡೈಯನ್ನು ಒಂದು ಬಟಾಣಿಯಷ್ಟು ಹಚ್ಚಿ ಒಣಗಲು ಬಿಡಿ. 24 ಗಂಟೆಗೆ ನೋಡಿ ಅಂತ ನಿಯಮ ಹೇಳುತ್ತದೆ. ನಾನಾದರೆ ಪೂರ್ತಿ 48 ಗಂಟೆ ಕಾಯುತ್ತೇನೆ. ನಿಮ್ಮ ತಂದೆಯ ರೆಪ್ಪೆ ಊದಿದ್ದೂ ಎರಡನೇ ದಿನವೇ ಅಲ್ವಾ. ತುರಿಕೆ, ಕೆಂಪು ಏನಾದರೂ ಕಂಡರೆ ಪ್ಯಾಕೆಟ್ ಕಸಕ್ಕೆ. ಕಾಣದಿದ್ದರೂ ಮುಂದಿನ ಸಲ ಹಚ್ಚುವ ಮುಂಚೆ ಮತ್ತೆ ಇದೇ ಪರೀಕ್ಷೆ. ಪ್ರತಿ ಸಲವೂ ಮಾಡಿ ಅಂತ ಅದೇ ನಿಯಮದಲ್ಲಿ ಬರೆದಿದೆ, ಯಾರೂ ಓದುವುದಿಲ್ಲ ಅಷ್ಟೆ. ಮತ್ತೆ, ನಿಮ್ಮವರು ಡೈ ಹಚ್ಚಿಕೊಂಡ ಬಾಚಣಿಗೆ, ಟವೆಲ್ಲು ನಿಮ್ಮ ತಂದೆಯ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ. ಹಚ್ಚಿಕೊಡುವವರು ನೀವೇ ಆದರೆ ಗ್ಲೌಸ್ ಹಾಕಿಕೊಳ್ಳಿ.